ಆ ಚಾಪೆ ಯಾಕೆ ಬೇರೆ?

ನಮ್ಮ ಕಡೆ ನೆಲಕ್ಕೆ ಹಾಸುವ ವಸ್ತುವಿಗೂ ಅಂತಸ್ತು ಇದೆ. ಬೀಗರು ಬಂದರೆ, ನ್ಯಾಯಕ್ಕೆ ಹಿರಿಯರು ಕೂತರೆ ಜಮಖಾನ. ದೇವರ ಗದ್ದುಗೆಗೆ ಕರಿ ಕಂಬಳಿ. ಉಳಿದದ್ದಕ್ಕೆಲ್ಲ ಚಾಪೆ. ಮಲಗಲು, ಶೇಂಗಾ ಸುಲಿಯಲು, ಸಂಡಿಗೆ ಒಣಗಿಸಲು, ಕೊನೆಗೆ ಹೆಣ ಮಲಗಿಸಲೂ ಚಾಪೆಯೇ. ಮೊದಲು ಹಳ್ಳದ ಈಚಲು ಗರಿಯದು ಇತ್ತು, ಈಗ ಸಂತೆಯ ಪ್ಲಾಸ್ಟಿಕ್ ಚಾಪೆ.

ಇದರ ಜೊತೆ ಇನ್ನೊಂದು ಚಾಪೆ ಇದೆ. ಪಡಸಾಲೆಯ ಮೂಲೆಯಲ್ಲೋ ಹಿತ್ತಿಲ ಗೋಡೆಗೋ ಸುತ್ತಿ ಒರಗಿಸಿಟ್ಟಿರುತ್ತಾರೆ. ಅದರ ಪಕ್ಕ ಒಂದು ತಟ್ಟೆ, ಒಂದು ಲೋಟ. ಮಕ್ಕಳು ಮುಟ್ಟಲು ಹೋದರೆ ಗದರುತ್ತಾರೆ. ಯಾರದು ಅಂತ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಮನೆಯ ಹೆಣ್ಣುಮಗಳು 'ಹೊರಗಾದಾಗ' ಅದರ ಮೇಲೆ ಮಲಗಬೇಕು.

ಇದನ್ನು ಬರೆದರೆ ಮೊದಲು ಬರುವ ಮಾತು, 'ಅವಳಿಗೂ ಮೂರು ದಿನ ವಿಶ್ರಾಂತಿ ಬೇಡವೇನಪ್ಪ?' ಅಂತ. ಬೇಕು. ಆದರೆ ಆ ಮೂರು ದಿನ ಅವಳು ಮೆಣಸಿನಗಿಡದ ಕಳೆ ತೆಗೆಯುತ್ತಾಳೆ, ದನಕ್ಕೆ ಹುಲ್ಲು ಹೊರುತ್ತಾಳೆ, ಕೂಲಿಗೂ ಹೋಗುತ್ತಾಳೆ. ಹೊಲಕ್ಕಿಲ್ಲದ ಮೈಲಿಗೆ ಅಡುಗೆಮನೆಗೆ ಮಾತ್ರ ಎಲ್ಲಿಂದ ಬಂತು? ವಿಶ್ರಾಂತಿಯೇ ಆಗಿದ್ದರೆ ಒಳಗಿನ ಮಂಚದ ಮೇಲೆ ಮಲಗಿಸಿ, ಬಿಸಿನೀರು ಕಾಯಿಸಿ ಕೊಡಿ. ಆ ಕೆಲಸ ಗಂಡಸರಿಗೂ ಬರುತ್ತದೆ.

ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಈ ಚಾಪೆ ಮನೆಯ ಮೂಲೆಯಲ್ಲೂ ಉಳಿಯುವುದಿಲ್ಲ, ಹಟ್ಟಿಯ ಹೊರಗೇ ಹೋಗುತ್ತದೆ. ಮುಟ್ಟಾದವಳು ಅಲ್ಲಿ, ಹಸಿ ಬಾಣಂತಿಯೂ ಕೂಸಿನ ಜೊತೆ ಅಲ್ಲಿ. 2023ರ ಜುಲೈನಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯಲ್ಲಿ ಗುಡಿಸಲಲ್ಲಿದ್ದ ಕೂಸು ಸತ್ತದ್ದು ನಾಡಿಗೆಲ್ಲ ಗೊತ್ತಾಯಿತು. ಹಟ್ಟಿಯವರನ್ನು ಮಾತ್ರ ಬೈದು ಪೇಟೆಯವರು ಕೈ ತೊಳೆದುಕೊಳ್ಳುವುದು ಬೇಡ. ದುರ್ಗದಲ್ಲೂ ಹೊಳಲ್ಕೆರೆಯಲ್ಲೂ ಟೈಲ್ಸ್ ಹಾಕಿದ ಮನೆಗಳಲ್ಲಿ ಇದೇ ಚಾಪೆ ಇದೆ, ಬಾಲ್ಕನಿಯಲ್ಲಿ.

ಸರ್ಕಾರ ಏನು ಮಾಡಿತು? ಹಟ್ಟಿಗಳ ಬಳಿ 'ಕೃಷ್ಣ ಕುಟೀರ' ಕಟ್ಟಿಸಿತು. ಗುಡಿಸಲಿಗಿಂತ ಸಿಮೆಂಟಿನ ಗೋಡೆ ಮೇಲು, ನಿಜ. ಆದರೆ ಹೊರಗೆ ಹಾಕುವ ಪದ್ಧತಿಗೆ ಸರ್ಕಾರದ ದುಡ್ಡಲ್ಲೇ ಪಾಯ ಹಾಕಿದಂತಾಯಿತು. ಅತ್ತ ಅದೇ ಸರ್ಕಾರದ 2017ರ ಮೌಢ್ಯ ನಿಷೇಧ ಕಾಯ್ದೆ ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ದೂರ ಇಡುವುದು ಅಪರಾಧ ಎನ್ನುತ್ತದೆ. 2020ರ ಜನವರಿಯಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಕಾನೂನು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ: 'ನಾವೆಲ್ಲಿ ಕಳಿಸಿದೆವು, ಅವಳೇ ಹೋದಳು' ಅನ್ನುತ್ತೇವೆ.

ಅವಳೇ ಹೋಗುವುದೂ ಸುಳ್ಳಲ್ಲ. ಒಳಗೆ ಬಂದರೆ ಹಾವು ಬರುತ್ತದೆ, ಕುರಿ ಸಾಯುತ್ತವೆ, ದೇವರು ಮುನಿಯುತ್ತಾನೆ ಅಂತ ಚಿಕ್ಕಂದಿನಿಂದ ಕೇಳಿದವಳು ಹೇಗೆ ಒಳಗೆ ಕಾಲಿಡುತ್ತಾಳೆ? ಮುಂದಿನ ಸಲ ಮನೆಯಲ್ಲಿ ಕುರಿಯೊಂದು ಸತ್ತರೂ ಅಪವಾದ ಅವಳ ತಲೆಗೇ. ಆದ್ದರಿಂದ ಈ ಕೆಲಸ ಅವಳಿಂದ ಶುರುವಾಗಲಿ ಎನ್ನುವುದು ಅನ್ಯಾಯ. ಅತ್ತೆ ಕರೆಯಬೇಕು, ಗಂಡ ಕರೆಯಬೇಕು. ಗುಡಿಯ ಪೂಜಾರಿ ಹತ್ತು ಜನರೆದುರು 'ಒಳಗೆ ಬಾರವ್ವ' ಅಂದರೆ ಎಷ್ಟೋ ಮನೆಗಳ ಭಯ ಇಳಿಯುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ಸಭೆಯಲ್ಲಿ ನಿಮ್ಮೂರ ಕುಟೀರದ ವಿಷಯ ಎತ್ತಿ. ಅದನ್ನು ಅಂಗನವಾಡಿಗೋ ಗ್ರಂಥಾಲಯಕ್ಕೋ ಕೊಡಿ ಎಂದು ಕೇಳಿ, ಪಿಡಿಒ ಕೈಲಿ ನಡಾವಳಿಯಲ್ಲಿ ಬರೆಸಿ. ಮಾತಾಡಲು ಹೆಣ್ಣುಮಕ್ಕಳನ್ನು ಕರೆಯಿರಿ, ಬಾಗಿಲ ಹತ್ತಿರ ನಿಲ್ಲಿಸಬೇಡಿ, ಜಮಖಾನದ ಮೇಲೆ ಕೂರಿಸಿ.