ಕಂಕುಳ ಗಂಟು: ಬ್ಲೇಡ್‌ಗಿಂತ ಮುಂಚೆ ಸ್ಕ್ಯಾನ್

ಗಾದಿಗನೂರಿನ ನಮ್ಮ ಮನೆ ಕಟ್ಟೆ ಮೇಲೆ ಸಂಜೆ ಹೊತ್ತು ಕೂತರೆ ಸಾಕು, ಯಾರಾದರೊಬ್ಬರು ಮಾತ್ರೆ ಚೀಟಿ ಹಿಡಕೊಂಡು ಬರ್ತಾರೆ. "ಸಿಸ್ಟರಮ್ಮ, ಇದು ಊಟಕ್ಕೆ ಮುಂಚೇನಾ, ಆಮೇಲಾ?" ಅಂತ. ನರ್ಸ್ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳಾದರೂ ಊರಿಗೆ ನಾನಿನ್ನೂ ಸಿಸ್ಟರಮ್ಮನೇ. ಹೋದ ವರ್ಷ ಉಗಾದಿ ಮುಗಿದ ಮೇಲೆ ಬಂದ ಒಬ್ಬಾಕೆ ಮಾತ್ರ ಕಟ್ಟೆ ಮೇಲೆ ಕೂರಲಿಲ್ಲ. "ಅಕ್ಕಾ, ಒಳಗ ಬರ್ಲಾ?" ಅಂದಳು. ಬಾಗಿಲು ಮುಂದೆ ಮಾಡಿ, ಕುಪ್ಪಸದ ತೋಳು ಸರಿಸಿ, ಬಲಗೈ ಎತ್ತಿದಳು.

ಕಂಕುಳಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ಮೇಲಿನ ಚರ್ಮ ಕೆಂಪಾಗಿರಲಿಲ್ಲ, ಮುಟ್ಟಿದರೆ ಬಿಸಿ ಇಲ್ಲ, ಒತ್ತಿದರೆ ನೋವಿಲ್ಲ. ಎಷ್ಟು ದಿನ ಆಯ್ತು ಅಂತ ಕೇಳಿದೆ. "ಎರಡು ವರ್ಷ ಆತಕ್ಕ. ಎದಿ ಕ್ಯಾನ್ಸರ್ ಇರಬೇಕು ಅಂತ ಹೆದರಿ ಬಾಯಿ ಬಿಡಲಿಲ್ಲ. ಮಗಳ ಮದುವಿ ಒಂದು ಮುಗೀಲಿ ಅಂತ ಸುಮ್ನಿದ್ದೆ." ಮದುವೆ ಮುಗಿದಿತ್ತು. ಹಿಂದಿನ ದಿನ ಒಂದು ಕಡೆ ತೋರಿಸಿದ್ದಳಂತೆ. ಅವರು ಕೈಯಲ್ಲೇ ಒತ್ತಿ ನೋಡಿ, "ಕೀವು ಕಟ್ಟೈತಿ, ನಾಳೆ ಬಾ, ಕೊಯ್ದು ತೆಗೀತೀನಿ" ಅಂದಿದ್ದರು. ಆ ನಾಳೆ ಅನ್ನೋದು ಅವಳು ಬಂದ ದಿನವೇ ಆಗಿತ್ತು.

ಅದು ಏನು ಅಂತ ನನಗೂ ಗೊತ್ತಾಗಲಿಲ್ಲ. ಆದರೆ ಕೀವು ಗಡ್ಡೆ ಅಲ್ಲ ಅನ್ನೋದು ಗೊತ್ತಿತ್ತು. ಸಾಮಾನ್ಯವಾಗಿ ಕೀವು ಎರಡು ವರ್ಷ ನೋವಿಲ್ಲದೆ ಸುಮ್ಮನೆ ಕೂರೋದಿಲ್ಲ. "ಬ್ಲೇಡ್ ಹಾಕಿಸಬ್ಯಾಡ ತಂಗಿ. ಮೊದಲು ಸ್ಕ್ಯಾನ್ ಆಗಲಿ" ಅಂದೆ. ಅವಳ ಗಂಡ ಕುರಿ ಹಿಂಡು ಬಿಟ್ಟು ಬರೋ ಹಾಗಿರಲಿಲ್ಲ. ಮರುದಿನ ನಾನೇ ಅವಳ ಜೊತೆ ಬಳ್ಳಾರಿ ಬಸ್ ಹತ್ತಿದೆ.

ಅಲ್ಲಿ ಸರ್ಜನ್ ಮೊದಲು ಎರಡೂ ಸ್ತನ ಪರೀಕ್ಷಿಸಿದರು. ಕಂಕುಳ ಗಂಟು ಅಂತ ಹೆಂಗಸರು ಬಂದಾಗ ಅದು ಮೊದಲು ಆಗಬೇಕಾದ ಕೆಲಸವೇ. ಆಮೇಲೆ ಗಂಟಿನ ಮೇಲೆ ಅಲ್ಟ್ರಾಸೌಂಡ್ ಮಾಡಿಸಿದರು. ಪರದೆ ಮೇಲೆ ಕಂಡಿದ್ದು ನೀರು ತುಂಬಿದ ಒಂದು ಚೀಲ, ಅದರೊಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಚಿಕ್ಕ ಚಿಕ್ಕ ಚೀಲಗಳು. ಡಾಕ್ಟರು ನೋಡ್ತಾ ನೋಡ್ತಾ ಅವಳ ಕಡೆ ತಿರುಗಿ ಕೇಳಿದರು: "ಮನೇಲಿ ಕುರಿ ಅದಾವೇನಮ್ಮ? ನಾಯಿ?"

ಅವಳಿಗೆ ಅದೆಂಥ ಪ್ರಶ್ನೆ ಅನ್ನಿಸಿತು. ಗಂಟಿಗೂ ನಾಯಿಗೂ ಏನು ಸಂಬಂಧ? ಇಡೀ ಕಥೆ ಇರೋದೇ ಅಲ್ಲಿ.

ಇದಕ್ಕೆ ಹೈಡಾಟಿಡ್ ಗುಳ್ಳೆ ಅಂತಾರೆ. ಕಾರಣ ಎಕಿನೊಕಾಕಸ್ ಅನ್ನೋ ಲಾಡಿಹುಳು. ಉದ್ದ ಕೆಲವೇ ಮಿಲಿಮೀಟರ್, ವಾಸ ನಾಯಿಯ ಕರುಳಲ್ಲಿ. ನಾಯಿಗೆ ಅದರಿಂದ ಏನೂ ಆಗಲ್ಲ. ನೋಡೋಕೆ ದಷ್ಟಪುಷ್ಟವಾಗೇ ಇರುತ್ತೆ. ಆದರೆ ಅದರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳು ಹೊರಬೀಳ್ತವೆ, ಹುಲ್ಲಿಗೆ, ಮಣ್ಣಿಗೆ, ನೀರಿಗೆ ಸೇರ್ತವೆ, ನಾಯಿಯ ಮೈಗೂದಲಿಗೂ ಅಂಟಿರ್ತವೆ. ಹುಲ್ಲಿನ ಜೊತೆ ಕುರಿ ಅದನ್ನ ತಿಂದರೆ, ಕುರಿಯ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರಿನ ಗುಳ್ಳೆ ಬೆಳೆಯುತ್ತೆ. ಜಾತ್ರೆಗೋ ಬೀಗರೂಟಕ್ಕೋ ಕುರಿ ಕೊಯ್ದಾಗ ಆ ಗುಳ್ಳೆ ಇರೋ ಭಾಗ "ಇದು ಚಲೋ ಇಲ್ಲ" ಅಂತ ಎಲ್ಲಿಗೆ ಬೀಳುತ್ತೆ? ಬಾಲ ಅಲ್ಲಾಡಿಸ್ತಾ ಪಕ್ಕದಲ್ಲೇ ಕೂತ ನಾಯಿಯ ಬಾಯಿಗೆ. ಅಲ್ಲಿಗೆ ಚಕ್ರ ಪೂರ್ತಿ. ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಲ್ಲಿ ಮತ್ತೆ ಹುಳುಗಳಾಗ್ತವೆ.

ಮನುಷ್ಯ ಈ ಚಕ್ರದಲ್ಲಿ ಕರೆಯದೆ ಬಂದ ನೆಂಟ. ನಾಯಿ ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿದರೆ, ತೊಳೆಯದ ಸೊಪ್ಪು ತಿಂದರೆ ಮೊಟ್ಟೆ ಹೊಟ್ಟೆಗೆ ಹೋಗುತ್ತೆ. ಅಲ್ಲಿಂದ ರಕ್ತದ ದಾರಿ ಹಿಡಿಯುತ್ತೆ. ಮೊದಲ ಜರಡಿ ಲಿವರ್. ಹೆಚ್ಚಿನ ಗುಳ್ಳೆಗಳು ಅಲ್ಲೇ ನಿಲ್ಲುತ್ತವೆ. ಎರಡನೆಯದು ಶ್ವಾಸಕೋಶ. ಎರಡೂ ಜರಡಿ ದಾಟಿ ಮುಂದೆ ಹೋಗೋದು ಕಡಿಮೆ. ಕಂಕುಳಂಥ ಜಾಗಕ್ಕೆ ಬಂದು ಕೂರೋದು ತೀರಾ ಅಪರೂಪ. ಬೆಳವಣಿಗೆ ಬಲು ನಿಧಾನ, ವರ್ಷಗಟ್ಟಲೆ ನೋವೇ ಇರಲ್ಲ. ಇನ್ನೊಂದು ಮಾತು: ಇದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ, ಬೇಯಿಸಿದ ಕುರಿ ಮಾಂಸ ತಿಂದರೂ ಬರೋದಿಲ್ಲ. ಅವಳ ತಟ್ಟೆ ಲೋಟ ಬೇರೆ ಇಟ್ಟ ಅತ್ತೆಗೆ ಇದನ್ನ ನಾನು ಮೂರು ಸಲ ಹೇಳಬೇಕಾಯ್ತು.

ಹಿಂದಿನ ದಿನ ಆ ಗಂಟು ಕೊಯ್ದಿದ್ದರೆ ಏನಾಗ್ತಿತ್ತು? ಗುಳ್ಳೆಯೊಳಗಿನ ನೀರು ಮೈಯೊಳಗೆ ಚೆಲ್ಲಿದರೆ ಕೆಲವರಿಗೆ ಒಮ್ಮೆಲೇ ಅಲರ್ಜಿ ಏರಿ, ಬಿ.ಪಿ. ಕುಸಿದು, ಉಸಿರು ಕಟ್ಟಿ ಜೀವಕ್ಕೇ ಬರಬಹುದು. ಅದು ಆಗದಿದ್ದರೂ, ಆ ನೀರಲ್ಲಿರೋ ಒಂದೊಂದು ಮರಿಯೂ ಬಿದ್ದ ಜಾಗದಲ್ಲಿ ಹೊಸ ಗುಳ್ಳೆ ಕಟ್ಟಬಲ್ಲದು. ಒಂದು ಇದ್ದದ್ದು ಹತ್ತಾಗುತ್ತೆ. ಹಾಗಂತ ಸೂಜಿ ಪರೀಕ್ಷೆಯೇ ಕೆಟ್ಟದ್ದು ಅಂತ ತಿಳೀಬೇಡಿ. ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ನೋಡೋ ಎಫ್‌ಎನ್‌ಎಸಿ ಪರೀಕ್ಷೆ ಟಿ.ಬಿ. ಗಡ್ಡೆಗೆ, ಕ್ಯಾನ್ಸರ್ ಗುರುತಿಸೋಕೆ ಬಹಳ ಉಪಯೋಗ. ಮಾತು ಇಷ್ಟೇ: ಮೊದಲು ಸ್ಕ್ಯಾನ್, ಆಮೇಲೆ ಸೂಜಿ. ರಕ್ತದಲ್ಲಿ ಹುಳುವಿನ ವಿರುದ್ಧದ ಅಂಶ ಹುಡುಕೋ ಪರೀಕ್ಷೆಯೂ ಇದೆ. ಆದರೆ ಲಿವರ್ ಬಿಟ್ಟು ಬೇರೆ ಕಡೆ ಗುಳ್ಳೆ ಇದ್ದಾಗ ಅದು ಕೆಲವೊಮ್ಮೆ "ಇಲ್ಲ" ಅಂತಲೇ ತೋರಿಸಬಹುದು. ಅದೊಂದನ್ನೇ ನಂಬಿ ಕೂರೋ ಹಾಗಿಲ್ಲ.

ಕಂಕುಳಲ್ಲಿ ಒಂದು ಸಿಕ್ಕಿದ ಮೇಲೆ ಹೊಟ್ಟೆ, ಎದೆ ನೋಡಲೇಬೇಕು. ನೋಡಿದರು. ಎದೆಯ ಎಕ್ಸ್‌ರೇ ಸ್ವಚ್ಛ. ಲಿವರ್‌ನಲ್ಲಿ ಇನ್ನೊಂದು ಚಿಕ್ಕ ಗುಳ್ಳೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಕೊಂಡಳು. "ಕ್ಯಾನ್ಸರ್ ಅಲ್ಲ ಅಲ್ಲೇನಕ್ಕ?" ಅಂತ ಅದೊಂದೇ ಕೇಳಿದಳು.

ಚಿಕಿತ್ಸೆ ಹೀಗಾಯ್ತು. ಆಪರೇಷನ್‌ಗೆ ಮುಂಚೆಯೇ ಅಲ್ಬೆಂಡಜೋಲ್ ಮಾತ್ರೆ ಶುರು ಮಾಡಿದರು. ಆಮೇಲೆ ಗುಳ್ಳೆ ಒಡೆಯದ ಹಾಗೆ, ಸುತ್ತ ಉಪ್ಪಿನ ದ್ರಾವಣದಲ್ಲಿ ನೆನೆಸಿದ ಬಟ್ಟೆ ಇಟ್ಟು, ಇಡಿಯಾಗಿ ತೆಗೆದರು. ಅಕಸ್ಮಾತ್ ಒಂದು ಹನಿ ಸೋರಿದರೂ ಮರಿಗಳು ಅಲ್ಲೇ ಸಾಯಲಿ ಅಂತ ಆ ಗಟ್ಟಿ ಉಪ್ಪುನೀರು. ಕಂಕುಳಲ್ಲಿ ಕೈಗೆ ಹೋಗೋ ದೊಡ್ಡ ರಕ್ತನಾಳ, ನರ ಎಲ್ಲ ಇರೋದರಿಂದ ಇದು ಪಳಗಿದ ಕೈಯ ಕೆಲಸ. ಲಿವರ್‌ನಲ್ಲಿದ್ದ ಚಿಕ್ಕದಕ್ಕೆ ಸದ್ಯ ಕತ್ತರಿ ಬೇಡ, ಮಾತ್ರೆ ಸಾಕು ಅಂದರು.

ಈ ಮಾತ್ರೆ ಅಂದ ತಕ್ಷಣ ಅವಳ ಮಗ, "ಇದು ನಮ್ ಸಾಲ್ಯಾಗ ಕೊಡೋ ಹುಳದ ಗುಳಿಗಿ ಅಲ್ಲೇನು?" ಅಂದ. ಹುಡುಗ ಸರಿಯಾಗೇ ಹೇಳಿದ್ದ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಶಾಲೆಯಲ್ಲಿ ಚೀಪಿಸೋ 400 ಮಿಲಿಗ್ರಾಂ ಗುಳಿಗೆಯೇ. ಆದರೆ ಅಲ್ಲಿ ಒಂದೇ ಗುಳಿಗೆ. ಇಲ್ಲಿ ತೂಕ ನೋಡಿ, ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. ಅದೂ ಎಣ್ಣೆಯೋ ತುಪ್ಪವೋ ಇರೋ ಊಟದ ಜೊತೆ. ಖಾಲಿ ಹೊಟ್ಟೆಗೆ ತಗೊಂಡರೆ ಮೈಗೆ ಸರಿಯಾಗಿ ಹತ್ತಲ್ಲ. ನಡುನಡುವೆ ಲಿವರ್ ಪರೀಕ್ಷೆ, ರಕ್ತಕಣದ ಲೆಕ್ಕ ನೋಡ್ತಿರಬೇಕು. ಬಸುರಿ ಇರೋರು ತಗೊಳ್ಳೋ ಹಾಗಿಲ್ಲ. ಅಂಗಡಿಯಿಂದ ತಾನೇ ತಂದು ನುಂಗೋ ಔಷಧ ಅಲ್ಲ ಇದು.

ಕಂಕುಳಲ್ಲಿ ಹುಳ ಅನ್ನೋದನ್ನ ನಾನು ನೋಡಿದ್ದು ಇದೇ ಮೊದಲಲ್ಲ. ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ಹೊಸತು, ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ನಾರುಹುಣ್ಣಿನ ಸಮೀಕ್ಷೆಗೆ ಹೋಗಿದ್ದೆ. ಮೆಟ್ಟಿಲು ಬಾವಿಗೆ ಇಳಿದು ನೀರು ತರ್ತಿದ್ದ ಕಾಲ. ಆ ನೀರಲ್ಲಿನ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿಯೊಳಗೆ ಹುಳುವಿನ ಮರಿ. ಕುಡಿದು ಸುಮಾರು ವರ್ಷದ ಮೇಲೆ ಬಿಳಿ ದಾರದಂಥ, ಮೊಳ ಎರಡು ಮೊಳ ಉದ್ದದ ಹೆಣ್ಣು ಹುಳು ಚರ್ಮ ಸೀಳಿಕೊಂಡು ಹೊರಬರ್ತಿತ್ತು. ಹೆಚ್ಚಿನವರಿಗೆ ಕಾಲಲ್ಲಿ. ಆ ಹಳ್ಳಿಯ ಒಬ್ಬ ಅಜ್ಜಿಗೆ ಮಾತ್ರ ಕಂಕುಳ ಹತ್ತಿರ. ಅದನ್ನ ಕೊಲ್ಲೋ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಷ್ಟು ಎಳೀಬೇಕು. ಅವಸರ ಮಾಡಿ ಹರಿದರೆ ಒಳಗೆ ಉಳಿದ ತುಂಡು ಬಾವು, ಕೀವು ತರ್ತಿತ್ತು. ಆ ಅಜ್ಜಿ ವಾರಗಟ್ಟಲೆ ಕೈ ಎತ್ತಿ ತಲೆ ಬಾಚಿಕೊಳ್ಳೋಕೆ ಆಗದೆ ಕೂತಿದ್ದು ನೆನಪಿದೆ.

ಗೆದ್ದಿದ್ದು ಔಷಧದಿಂದಲ್ಲ. ನೀರನ್ನ ಬಟ್ಟೆಯಲ್ಲಿ ಸೋಸಿದ್ದರಿಂದ, ಮೆಟ್ಟಿಲು ಬಾವಿ ಮುಚ್ಚಿ ಬೋರ್‌ವೆಲ್ ಹಾಕಿದ್ದರಿಂದ, ಬಾವಿಗೆ ಟೆಮಿಫಾಸ್ ಬಿಟ್ಟಿದ್ದರಿಂದ, ಹುಣ್ಣಿದ್ದವರನ್ನ ನೀರಿಗಿಳಿಯದಂತೆ ತಡೆದಿದ್ದರಿಂದ. 1984ರಲ್ಲಿ ದೇಶದಲ್ಲಿ ಸುಮಾರು 40,000 ಜನಕ್ಕೆ ಇದ್ದ ನಾರುಹುಣ್ಣಿನ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಘೋಷಿಸಿತು. ಇವತ್ತಿನ ಡಾಕ್ಟರುಗಳಲ್ಲಿ ಬಹಳ ಮಂದಿ ಅದನ್ನ ಪುಸ್ತಕದಲ್ಲಿ ಮಾತ್ರ ನೋಡಿರ್ತಾರೆ.

ಈಗ ನಿಮ್ಮ ಕಂಕುಳಿಗೆ ಬರೋಣ. ಇದನ್ನ ಓದಿ ಗಂಟೆಲ್ಲ ಹುಳು ಅಂದ್ಕೋಬೇಡಿ. ಕಂಕುಳಲ್ಲಿ ಹುಳುವಿನ ಕಾಟ ಅಂದರೆ ನೂರಕ್ಕೆ ಬಹುಪಾಲು ತುರಿಕಜ್ಜಿ. ರಾತ್ರಿ ಹೆಚ್ಚೋ ತುರಿಕೆ, ಬೆರಳ ಸಂದಿ, ಕಂಕುಳು, ಸೊಂಟದಲ್ಲಿ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೂ ಒಬ್ಬಿಬ್ಬರಿಗೆ ಅದೇ ಕಥೆ. ಅದಕ್ಕೆ 5 ಪರ್ಸೆಂಟ್ ಪರ್ಮೆತ್ರಿನ್ ಮುಲಾಮನ್ನ ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಿ, ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಮನೆಯ ಎಲ್ಲರೂ ಒಂದೇ ದಿನ. ತುರಿಕೆ ಇಲ್ಲದವರೂ ಕೂಡ. ಹಾಸಿಗೆ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಸುಗೂಸು, ಬಾಣಂತಿ ಇದ್ದರೆ ಡಾಕ್ಟರನ್ನ ಕೇಳಿ ಹಚ್ಚಿ.

ಗಂಟಿನ ವಿಷಯ ಬೇರೆ. ಕೈ ಗಾಯವಾದಾಗ ಕಂಕುಳಲ್ಲಿ ಏಳೋ ಬಿಲ್ಲೆ ಗಾಯ ಮಾಯುತ್ತಿದ್ದಂತೆ ಇಳಿಯುತ್ತೆ. ಎರಡು ವಾರ ದಾಟಿಯೂ ಇಳಿಯದ್ದು, ಬೆಳೀತಾ ಹೋಗೋದು, ಗಟ್ಟಿ ಕಲ್ಲಿನಂತಿರೋದು, ಜೊತೆಗೆ ಜ್ವರ, ತೂಕ ಇಳಿಯೋದು, ಸ್ತನದಲ್ಲಿ ಬದಲಾವಣೆ ಇದ್ದರೆ ತಡಮಾಡಬೇಡಿ. ಟಿ.ಬಿ. ಇರಬಹುದು, ಬರೀ ಕೊಬ್ಬಿನ ಗಡ್ಡೆ ಇರಬಹುದು, ಕ್ಯಾನ್ಸರ್ರೂ ಇರಬಹುದು. ಡಾಕ್ಟರ ಮುಂದೆ ಮನೆಯಲ್ಲಿ ಏನೇನು ಸಾಕಿದ್ದೀರಿ ಅನ್ನೋದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ನಾಯಿಯ ವಿಷಯ ಬಾಕಿ ಉಳೀತು. ಆಸ್ಪತ್ರೆಯಿಂದ ಬಂದ ವಾರ ಅವಳ ಗಂಡ ಮನೆಗೆ ಬಂದು, ತಲೆ ತಗ್ಗಿಸಿ ನಿಂತ. "ಅಮ್ಮಾರ, ನಾಯಿ ಬಿಟ್ಟು ಬರ್ಬೇಕೇನು? ಅದು ಇಲ್ದಿದ್ರ ರಾತ್ರಿ ಹಿಂಡು ಕಾಯೋರ್ಯಾರು?" ಬಿಡೋದು ಬೇಡ ಅಂದೆ. ಇನ್ನೊಂದು ನಾಯಿ ಬರುತ್ತೆ, ಅದಕ್ಕೂ ಅದೇ ತಿನ್ನಿಸ್ತೀರಿ, ಆಮೇಲೆ? ಪಶು ಆಸ್ಪತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಕೇಳಿ, ಅವರು ಹೇಳಿದಷ್ಟು ದಿನಕ್ಕೊಮ್ಮೆ ತಪ್ಪದೆ ಕೊಡು. ಔಷಧ ಕೊಟ್ಟ ದಿನಗಳಲ್ಲಿ ಕಟ್ಟಿಹಾಕಿ ಅದರ ಹೇಲು ಸುಟ್ಟುಬಿಡು ಅಥವಾ ಆಳವಾಗಿ ಹೂಳು. ಕುರಿ ಕೊಯ್ದಾಗ ಒಳಗಿನ ಭಾಗ ಹಸಿಯಾಗಿ ಹಾಕಲೇಬೇಡ. ನಾಯಿ ಕೆದರದಷ್ಟು ಆಳದ ಗುಂಡಿ ತೋಡಿ ಮುಚ್ಚು. ನಾಯಿ ಮುಟ್ಟಿದ ಕೈ ಸೋಪು ಹಚ್ಚಿ ತೊಳಿ.

ಈ ವರ್ಷದ ಉಗಾದಿಗೆ ಅವಳ ಮನೆಗೆ ಹೋಗಿದ್ದೆ. ಲಿವರ್‌ನ ಗುಳ್ಳೆ ಕುಗ್ಗಿದೆ ಅಂತ ಸ್ಕ್ಯಾನ್ ಹೇಳಿದೆ. ಇನ್ನೂ ಕೆಲವು ವರ್ಷ ಆಗಾಗ ನೋಡಿಸ್ತಿರಬೇಕು. ಹೋಳಿಗೆ ಬಡಿಸೋಕೆ ಬಲಗೈ ಚಾಚಿದಾಗ, ಸಲೀಸಾಗಿ ಏಳ್ತಿದೆಯಾ ಅಂತ ಗಮನಿಸಿದೆ. ಏಳ್ತಿತ್ತು. ಮರುದಿನದ ವರ್ಷತೊಡಕಿಗೆ ಹಿತ್ತಲಲ್ಲಿ ಗಂಡ ಆಗಲೇ ಗುಂಡಿ ತೋಡಿಟ್ಟಿದ್ದ. ನಾಯಿ ಅದರ ಪಕ್ಕದಲ್ಲೇ, ಸರಪಳಿಯಲ್ಲಿ ಮಲಗಿತ್ತು.