ಅಜ್ಜನ ಚೈನು, ನಮ್ಮ ಮರಳು ಮತ್ತು ‘ಸರಿ’ ಅನ್ನುವ ಪದ

ಇಲ್ಲಿನ ಚಳಿಗಾಲ ಅಂದರೆ ನಿಮಗೆ ಗೊತ್ತೇ ಇದೆ. ಬೇಸಿಗೆಯಿಡೀ ಏಸಿಯೊಳಗೆ ಕೂತ ನಾವು ನವೆಂಬರ್ ಬಂದ ಕೂಡಲೇ ಹೊರಗೆ ಓಡುತ್ತೇವೆ. ಮಾರ್ಚ್‌ವರೆಗೆ ಯಾವುದಾದರೊಂದು ವಾಟ್ಸಾಪ್ ಗುಂಪಿನಲ್ಲಿ ‘ಈ ಶನಿವಾರ ಡೆಸರ್ಟಿಗೆ ಬರ್ತೀರಾ?’ ಅನ್ನುವ ಮೆಸೇಜು ಇದ್ದೇ ಇರುತ್ತದೆ. ಡಿಸೆಂಬರ್ ರಜೆ ಬಂದರೆ ಇನ್ನೊಂದು ಪ್ರಶ್ನೆ: ‘ಜಾರ್ಜಿಯಾಕ್ಕೆ ಹೋಗಿ ಮಕ್ಕಳಿಗೆ ಹಿಮ ತೋರಿಸೋಣವಾ?’

ಮರಳಿರಲಿ, ಹಿಮವಿರಲಿ, ಎರಡು ಕಡೆಯೂ ಕಾರಿನ ಟೈರು ಮಾಡಬೇಕಾದ ಕೆಲಸ ಒಂದೇ: ನೆಲವನ್ನು ಹಿಡಿಯುವುದು. ಆದರೆ ಹಿಡಿಯುವ ದಾರಿ ಬೇರೆ ಬೇರೆ. ಈ ಸಲ ಅದರ ಬಗ್ಗೆ ಬರೆಯುತ್ತೇನೆ. ಜೊತೆಗೆ ಎರಡು ವರ್ಷದ ಹಿಂದೆ ನಾವು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಮನೆಯಲ್ಲೂ ಆಗಬಹುದು.

ಅದು ಜನವರಿ ತಿಂಗಳು. ಅಬುಧಾಬಿಯಿಂದ ನಾವು, ದುಬೈನಿಂದ ಇನ್ನೊಂದು ಕನ್ನಡ ಕುಟುಂಬ, ಎರಡು ಕಾರಿನಲ್ಲಿ ಸ್ವೈಹಾನ್ ಕಡೆಯ ಮರಳಿಗೆ ಹೋಗಿದ್ದೆವು. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ರಸ್ತೆ ಬಿಡುವ ಮುಂಚೆ ಟೈರಿನ ಗಾಳಿ ಇಳಿಸಬೇಕು ಅನ್ನುವುದು ನಮಗೆ ಗೊತ್ತಿತ್ತು. ಆದರೆ ವಾಪಸ್ ಬರುವಾಗ ನಾಲ್ಕು ಚಕ್ರಕ್ಕೂ ಗಾಳಿ ತುಂಬಿಸಲು ಬೇಜಾರೆಂದು 35 ಪಿಎಸ್‌ಐ ಇದ್ದದ್ದನ್ನು 22ಕ್ಕೆ ಇಳಿಸಿ ಸಾಕೆಂದುಕೊಂಡೆವು. ಎರಡನೇ ದಿಬ್ಬದ ಕೆಳಗೆ ಕಾರು ಹೂತುಕೊಂಡಿತು. ನಮ್ಮ ಮನೆಯವರು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ನಿಂತಲ್ಲೇ ತಿರುಗಿ ಇನ್ನಷ್ಟು ಕೆಳಗಿಳಿಯಿತು.

ಎಲ್ಲರೂ ಇಳಿದೆವು. ನಾನು ಸಲಿಕೆ ಹಿಡಿದು ಮುಂದಿನ ಚಕ್ರದ ಮರಳು ತೆಗೆಯುತ್ತಿದ್ದೆ. ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಅವರು ರಿವರ್ಸ್ ಗೇರ್ ಹಾಕಿದರು. ತಲೆಯೆತ್ತಿ ನೋಡಿದರೆ, ಐದು ವರ್ಷದ ಮಗ ಕಾರಿನ ಹಿಂದೆಯೇ ಕೂತು ಮರಳಿನಲ್ಲಿ ಗುಂಡಿ ತೋಡುತ್ತಿದ್ದಾನೆ. ‘ಪಕ್ಕಕ್ಕೆ ಸರಿ! ಸರಿ ಬೇಗ!’ ಅಂತ ಕೂಗಿದೆ. ಅವನು ನನ್ನತ್ತ ನೋಡಿದ, ತಲೆಯಾಡಿಸಿದ, ‘ಸರಿ ಅಮ್ಮ’ ಅಂದ. ಅಲ್ಲೇ ಕೂತಿದ್ದ.

ಅವನಿಗೆ ಗೊತ್ತಿದ್ದದ್ದು ಒಂದೇ ‘ಸರಿ’: ಓಕೆ ಅನ್ನುವ ಸರಿ. ಜರುಗು ಅನ್ನುವ ಅರ್ಥದ ‘ಸರಿ’ಯನ್ನು ಅವನು ಯಾವತ್ತೂ ಕೇಳಿರಲಿಲ್ಲ. ಎಂಟು ವರ್ಷದ ಅಕ್ಕ ಓಡಿಹೋಗಿ ಅವನ ತೋಳು ಹಿಡಿದು ಎಳೆದಳು. ಕಾರು ಇನ್ನೂ ಅಲುಗಿರಲಿಲ್ಲ, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಕಾರಿನ ಕಡೆಯ ತಪ್ಪು. ಎರಡು ಟನ್ ತೂಕದ ಕಾರು ಅಂದರೆ ಒಂದೊಂದು ಚಕ್ರದ ಮೇಲೆ ಸುಮಾರು 500 ಕಿಲೋ. ಟೈರಿನೊಳಗೆ 35 ಪಿಎಸ್‌ಐ ಗಾಳಿ ಇದ್ದರೆ ಅದು ನೆಲ ಮುಟ್ಟುವ ಜಾಗ ಲೆಕ್ಕದಲ್ಲಿ ಸುಮಾರು 200 ಚದರ ಸೆಂಟಿಮೀಟರ್. ಅದನ್ನೇ 15ಕ್ಕೆ ಇಳಿಸಿದರೆ ಸುಮಾರು 470 ಆಗುತ್ತದೆ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ, ಆದರೆ ವಿಷಯ ಅರ್ಥವಾಗಲು ಸಾಕು. ಗಾಳಿ ಇಳಿದಾಗ ಟೈರು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಒಂದು ಹಂತದವರೆಗಿನ ಭಾರವನ್ನು ಒಣಮರಳು ಹೊರುತ್ತದೆ. ಅದನ್ನು ಮೀರಿದರೆ ಕಾಳುಗಳು ಜಾರಿ ಪಕ್ಕಕ್ಕೆ ಹರಿದುಬಿಡುತ್ತವೆ, ಚಕ್ರ ಹೂತುಹೋಗುತ್ತದೆ.

ಹಾಗಾಗಿ ಮರಳಿಗಿಳಿಯುವವರು ಸಾಮಾನ್ಯವಾಗಿ 15ರ ಆಸುಪಾಸಿಗೆ ಇಳಿಸುತ್ತಾರೆ. ತೀರಾ ಮೆತ್ತಗಿದ್ದರೆ 12. ಹತ್ತಕ್ಕಿಂತ ಕೆಳಗೆ ಹೋದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಗಾಳಿ ಕಡಿಮೆಯಿದ್ದಾಗ ಜೋರಾಗಿ ತಿರುಗಿಸಲೂಬಾರದು. ಹೂತುಕೊಂಡರೆ ಆಕ್ಸಿಲರೇಟರ್ ಬಿಡಿ, ಚಕ್ರದ ಮುಂದಿನ ಹಿಂದಿನ ಮರಳು ತೆಗೆಯಿರಿ, ಇನ್ನೊಂದಿಷ್ಟು ಗಾಳಿ ಇಳಿಸಿ, ಸ್ಟೀರಿಂಗ್ ನೇರ ಮಾಡಿ, ಬಂದ ಜಾಡಿನಲ್ಲೇ ನಿಧಾನವಾಗಿ ಹಿಂದೆ ಹೋಗಿ. ನಾವೂ ಕೊನೆಗೆ ಹೊರಬಂದದ್ದು ಹಾಗೆಯೇ, ಸ್ನೇಹಿತರು ಗೇಜು ಹಿಡಿದು 12ಕ್ಕೆ ಇಳಿಸಿದ ಮೇಲೆ. ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು. ಕಡಿಮೆ ಗಾಳಿಯ ಟೈರು ಹೆದ್ದಾರಿಯ ವೇಗದಲ್ಲಿ ಬಿಸಿಯಾಗಿ ಸಿಡಿಯಬಹುದು. ಒಂಟಿ ಕಾರಿನಲ್ಲಿ ಹೋಗಬೇಡಿ, ಪೊಲೀಸರ 999 ಮಕ್ಕಳಿಗೂ ನೆನಪಿರಲಿ. ಹಗ್ಗ ಕಟ್ಟಿ ಎಳೆಯುವ ಹೊತ್ತಿನಲ್ಲಿ ಮಕ್ಕಳು ಎರಡೂ ಕಾರಿನಿಂದ ದೂರ ಇರಬೇಕು. ಬಿಗಿಯಾದ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ.

ಆ ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಿ ನಡೆದದ್ದನ್ನು ಹೇಳಿದೆ. ನಮ್ಮದು ಕೊಪ್ಪದ ಕಡೆಯ ಹಳ್ಳಿ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಪ್ಪ ಜೀಪಿನ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟಿಯೇ ಆ ಏರು ಹತ್ತಿಸುತ್ತಿದ್ದರು. ಮಲೆನಾಡಿನವರಿಗೆ, ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೈನಿನ ಸದ್ದು ಕೇಳಿದರೆ ಜೀಪು ಯಾರ ಮನೆಗೆ ಹೋಗುತ್ತಿದೆ ಅಂತ ಹೇಳುತ್ತಿದ್ದೆವು.

‘ಚೈನು ಕಟ್ಟಿದ್ರೆ ಆಗ್ತಿತ್ತಲ್ಲ ಮಗಾ, ಗಾಳಿ ಯಾಕೆ ತೆಗೀತೀರಿ?’ ಅಂದರು ಅಪ್ಪ.

ಉತ್ತರ ಕೊಡಲು ಹೊರಟವಳು ಮಗಳು. ‘ಅಜ್ಜ, ಸ್ಯಾಂಡ್‌ಗೆ ಚೈನ್ ಹಾಕಿದ್ರೆ ಅದು ಡಿಗ್ ಮಾಡುತ್ತೆ’ ಅಂದಳು. ‘ತೋಡುತ್ತೆ ಅನ್ನು ಪುಟ್ಟಿ’ ಅಂದರು ಅಜ್ಜ. ಆಮೇಲೆ ಅರ್ಧ ಗಂಟೆ ಅಜ್ಜ ಮೊಮ್ಮಗಳ ಚರ್ಚೆ ನಡೆಯಿತು. ಕೆಸರಿನ ಕೆಳಗೆ ಗಟ್ಟಿ ನೆಲ ಇರುತ್ತದೆ, ಚೈನು ರಾಡಿಯನ್ನು ಸೀಳಿ ಅದನ್ನು ಕಚ್ಚುತ್ತದೆ. ಒಣಮರಳಿನಲ್ಲಿ ಕಚ್ಚಲು ಏನೂ ಸಿಗದು, ಚೈನು ಸಲಿಕೆಯ ಹಾಗೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ‘ಹಿಡಿತ’, ‘ಹೂತುಹೋಗು’, ‘ರಾಡಿ’, ‘ಏರು’, ‘ಜಾಡು’ ಎಂಬ ಐದು ಪದ ಆ ಒಂದು ಕರೆಯಲ್ಲಿ ಅವಳ ಬಾಯಿಗೆ ಬಂದವು. ಅವಳಿಗೆ ನಿಜವಾಗಿ ಏನೋ ಹೇಳಬೇಕಿತ್ತು, ಕೇಳುವವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಪಾಠ ಮಾಡಿದ್ದರೆ ಒಂದು ಪದವೂ ಬರುತ್ತಿರಲಿಲ್ಲ.

ಚೈನಿಗೆ ಪೇಟೆಂಟ್ ಪಡೆದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್, 1904ರಲ್ಲಿ. ಕೆಸರಿನಲ್ಲೂ ಹಿಮದಲ್ಲೂ ಜಾರದಿರಲು ಜನ ಟೈರಿಗೆ ಹಗ್ಗ ಸುತ್ತುವುದನ್ನು ಕಂಡು ಅವರಿಗೆ ಈ ಯೋಚನೆ ಬಂತಂತೆ. ಅಜ್ಜನಿಗೆ ಇದು ಬಹಳ ಹಿಡಿಸಿತು.

ಈ ರಜೆಯಲ್ಲಿ ಗುಡೌರಿಗೆ ಹೊರಟವರು ಅಜ್ಜನ ಚೈನನ್ನು ನೆನಪಿಟ್ಟುಕೊಳ್ಳಿ. ಟಿಬಿಲಿಸಿಯಿಂದ ಸುಮಾರು 120 ಕಿಲೋಮೀಟರ್ ದೂರದ ಆ ಊರು ಸುಮಾರು 2200 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟಿದರೆ ಸುಮಾರು 2400 ಮೀಟರಿನ ಜ್ವಾರಿ ಕಣಿವೆದಾರಿ. ಹಿಮ ಜಾಸ್ತಿಯಾದ ದಿನ ಆ ರಸ್ತೆಯಲ್ಲಿ ಚೈನಿಲ್ಲದ ಕಾರನ್ನು ಬಿಡುವುದಿಲ್ಲ. ನೀಲಿ ವೃತ್ತದೊಳಗೆ ಚೈನು ಸುತ್ತಿದ ಬಿಳಿ ಟೈರಿನ ಚಿತ್ರ ಕಂಡರೆ, ಅಲ್ಲಿಂದ ಮುಂದೆ ಚೈನು ಕಡ್ಡಾಯ.

ಬಾಡಿಗೆ ಕಾರು ತೆಗೆದುಕೊಳ್ಳುವಾಗ ಮೂರು ವಿಷಯ ನೋಡಿ. ಮೊದಲು, ಟೈರು ಚಳಿಗಾಲದ್ದಾ? ಅದರ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಬೇಕು. ನಮ್ಮಲ್ಲಿನ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯದು, ಡಿಕ್ಕಿಯಲ್ಲಿರುವ ಚೈನು ಆ ಟೈರಿನ ಅಳತೆಯದ್ದಾ? ಟೈರಿನ ಮೇಲಿನ ಅಂಕಿ ಚೈನಿನ ಪೆಟ್ಟಿಗೆಯ ಮೇಲೂ ಇರಬೇಕು. ಮೂರನೆಯದು, ಅದು ಚೈನಾ, ಕೇಬಲ್ಲಾ? ಕೇಬಲ್ ಅಂದರೆ ತೆಳು ಉಕ್ಕಿನ ಹಗ್ಗ. ಹಗುರ, ಹಾಕುವುದು ಸುಲಭ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಕಡಿಮೆ ಇರುವ ಸಣ್ಣ ಕಾರಿಗೆ ಅನುಕೂಲ. ಆದರೆ ಕಡಿದಾದ ಏರಿಗೆ, ಆಳದ ಹಿಮಕ್ಕೆ ಚೈನಿನಷ್ಟು ಕಚ್ಚುವುದಿಲ್ಲ.

ಎಂಜಿನ್ ತಿರುಗಿಸುವ ಚಕ್ರಕ್ಕೆ ಚೈನು ಹಾಕಬೇಕು. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಅದು ಮುಂದಿನ ಚಕ್ರ. ಫೋರ್ ವೀಲ್ ಆದರೆ ಕಾರಿನ ಪುಸ್ತಕ ನೋಡಿ. ಗಂಟೆಗೆ 50 ಕಿಲೋಮೀಟರ್ ಮೀರಬೇಡಿ. ಪೆಟ್ಟಿಗೆಯ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ಬರೀ ಟಾರು ಬಂದ ಕೂಡಲೇ ಬಿಚ್ಚಿಡಿ.

ಕಳೆದ ವರ್ಷ ನಾವು ಹೋದಾಗ ಟಿಬಿಲಿಸಿಯ ಪಾರ್ಕಿಂಗಿನಲ್ಲೇ ಒಮ್ಮೆ ಹಾಕಿ ನೋಡಿದೆವು. ಫೋನಿನಲ್ಲಿ ಅಜ್ಜ: ‘ಮೊದ್ಲು ನೆಲದ ಮೇಲೆ ಹಾಸಿ ಸಿಕ್ಕು ಬಿಡ್ಸಿ. ಒಳಗಿನ ಕೊಂಡಿ ಮೊದ್ಲು, ಹೊರಗಿನದ್ದು ಆಮೇಲೆ. ನೂರು ಮೀಟರ್ ಓಡ್ಸಿ, ಇಳ್ದು ಮತ್ತೆ ಬಿಗಿ ಮಾಡಿ.’ ಪೆಟ್ಟಿಗೆಯೊಳಗಿನ ಕಾಗದದಲ್ಲೂ ಅದೇ ಕ್ರಮ ಇತ್ತು. ಬೆರಳು ಮರಗಟ್ಟುವ ಚಳಿಯಲ್ಲಿ, ಕತ್ತಲಲ್ಲಿ, ರಸ್ತೆಬದಿಯಲ್ಲಿ ಮೊದಲ ಸಲ ಕಲಿಯುವ ಕೆಲಸ ಇದಲ್ಲ.

ಪದಗಳದ್ದೂ ಅಷ್ಟೇ. ಗಾಬರಿಯಾದಾಗ ನಮ್ಮ ಬಾಯಿಂದ ಬರುವುದು ನಮ್ಮ ಭಾಷೆ. ನಾನು ದಿನವಿಡೀ ಲ್ಯಾಬಿನಲ್ಲಿ ಇಂಗ್ಲಿಷ್ ಮಾತಾಡುತ್ತೇನೆ, ಆದರೂ ಆ ದಿನ ಕೂಗಿದ್ದು ಕನ್ನಡದಲ್ಲಿ. ನೀವೂ ಹಾಗೆಯೇ ಕೂಗುತ್ತೀರಿ. ನಮ್ಮ ಮಕ್ಕಳಿಗೆ ಊಟದ ಕನ್ನಡ, ಮುದ್ದಿನ ಕನ್ನಡ ಬರುತ್ತದೆ. ಅಪಾಯದ ಕನ್ನಡ ಬರುತ್ತದಾ ಎಂದು ನಾವು ಯಾರೂ ನೋಡಿರುವುದಿಲ್ಲ.

ನಾವು ಮಾಡಿದ್ದು ಹೀಗೆ. ಶಾಲೆಯಲ್ಲಿ ಆಡಿದ ಕೆರೆ-ದಡ ನಿಮಗೆ ನೆನಪಿರಬೇಕು: ‘ಕೆರೆ’ ಅಂದರೆ ಗೆರೆಯೊಳಗೆ ಹಾರು, ‘ದಡ’ ಅಂದರೆ ಹೊರಗೆ. ಅದನ್ನೇ ಬೀಚಿನಲ್ಲಿ ಮರಳಿನ ಮೇಲೆ ಗೆರೆ ಎಳೆದು ಆಡಿದೆವು. ನಡುನಡುವೆ ಬೇರೆ ಪದ ಸೇರಿಸಿದೆವು: ನಿಲ್ಲು, ಪಕ್ಕಕ್ಕೆ ಬಾ, ಹಿಂದೆ ಹೋಗಬೇಡ, ದೂರ ಹೋಗು, ಕೈ ತೆಗೆ, ಕೂತ್ಕೋ. ತಪ್ಪಿದವರು ಔಟು. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಪರವಾಗಿಲ್ಲ, ಕಾಲು ತಡಮಾಡದೆ ಚಲಿಸಬೇಕು. ಅಪ್ಪ ಅಮ್ಮ ಇಬ್ಬರೂ ಒಂದೇ ಪದ ಬಳಸಬೇಕು. ನಮ್ಮ ಮನೆಯಲ್ಲಿ ಈಗ ‘ಪಕ್ಕಕ್ಕೆ ಸರಿ’ ಇಲ್ಲ, ‘ಪಕ್ಕಕ್ಕೆ ಬಾ’ ಮಾತ್ರ. ‘ಸರಿ’ಯ ಇನ್ನೊಂದು ಅರ್ಥವನ್ನೂ ಮಗನಿಗೆ ಕಲಿಸಿದ್ದೇವೆ, ಆದರೆ ಅದು ಕತೆ ಓದುವ ಹೊತ್ತಿಗೆ. ಕಾರಿನ ಹತ್ತಿರ ನಿಲ್ಲುವಾಗ ಇನ್ನೊಂದು ನಿಯಮ: ಗಾಡಿ ಓಡಿಸುವವರ ಮುಖ ನಿನಗೆ ಕಾಣುತ್ತಿರಬೇಕು. ಕಾಣದಿದ್ದರೆ ನೀನು ತಪ್ಪು ಜಾಗದಲ್ಲಿದ್ದೀಯ.

ಈ ವಾರ ಎಲ್ಲಿಗಾದರೂ ಹೊರಡುವ ಮುಂಚೆ ಟೈರಿನ ಗಾಳಿ ನೋಡಿ. ಹಾಗೆಯೇ ಪಾರ್ಕಿಂಗಿನಲ್ಲಿ, ಎಂಜಿನ್ ಆಫ್ ಇರುವಾಗ, ಮಗುವಿಗೆ ಗಟ್ಟಿಯಾಗಿ ಒಂದು ಸಲ ‘ಪಕ್ಕಕ್ಕೆ ಬಾ’ ಅನ್ನಿ. ಕಾಲು ಅಲುಗಿತಾ ನೋಡಿ.