ಕಡಲಿಂದ ನೇರ ಊಟಿಗೆ? ಸ್ವಲ್ಪ ತಾಳಿ!

ಮಕ್ಕಳೇ, ಸ್ಕೂಬಾ ಡೈವಿಂಗ್ ಮಾಡಿದವರು ಕೂಡಲೇ ವಿಮಾನ ಹತ್ತಬಾರದು ಎಂಬ ನಿಯಮ ಕೇಳಿದ್ದೀರಾ? ನನ್ನ ಪ್ರಕಾರ ಅಷ್ಟೇ ಹೇಳಿದರೆ ಸಾಲದು. ನಮ್ಮ ಊಟಿಯ ಘಾಟ್ ರಸ್ತೆಯನ್ನೂ ಅದಕ್ಕೆ ಸೇರಿಸಿ ಹೇಳಬೇಕು.

ಯಾಕೆ ಗೊತ್ತಾ? ಕಡಲಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಆಗ ಉಸಿರಾಡುವ ಗಾಳಿಯಲ್ಲಿನ ನೈಟ್ರೋಜನ್ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಮೇಲೆ ಬಂದ ನಂತರ ಅದು ಉಸಿರಿನ ಮೂಲಕ ಹೊರಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಸುತ್ತಲಿನ ಒತ್ತಡ ಇನ್ನೂ ಇಳಿದರೆ, ಸೋಡಾ ಬಾಟಲಿ ತೆರೆದಾಗ ಆಗುವಂತೆ ಮೈಯೊಳಗೆ ಗುಳ್ಳೆಗಳು ಏಳಬಹುದು. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು ಕೂಡ ಬರಬಹುದು.

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ. ಊಟಿಯ ಎತ್ತರ ಸುಮಾರು 2,240 ಮೀಟರ್! ಹಾಗಾದರೆ ಮಸಿನಗುಡಿಯಿಂದ ಕಲ್ಹಟ್ಟಿಯ 36 ತಿರುವು ಹತ್ತುವುದೂ ವಿಮಾನ ಹತ್ತಿದಂತೆಯೇ ಅಲ್ವಾ? ಬಸ್ಸು ನಿಧಾನವಾಗಿ ಹತ್ತುತ್ತದಲ್ಲ ಅನ್ನಬೇಡಿ. ದೇಹಕ್ಕೆ ಎತ್ತರದ್ದೇ ಲೆಕ್ಕ, ವಾಹನದ್ದಲ್ಲ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ, ಇಲ್ಲಿಗೆ ಬರುವ ನೆಂಟರಿದ್ದರೆ ನೀವೇ ಹೇಳಿ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ ಕನಿಷ್ಠ 18 ಗಂಟೆ ಕಡಲತೀರದಲ್ಲೇ ಇರಿ. ಪೂರ್ತಿ ಒಂದು ದಿನ ಕಾದರೆ ಇನ್ನೂ ಒಳ್ಳೇದು. ಊಟಿ ಎಲ್ಲೂ ಓಡಿಹೋಗಲ್ಲ!